ಬಯಲುಸೀಮೆಯ ಜಾಂಬಿ ಲೋಕ: ಯಾವ ಇಸವಿ, ಯಾವ ರೋಗ, ಯಾವ ಊರು?

ನಾವು ಐದು ಜನ ಮೊದಲ ಸಲ ಜಾಂಬಿ ರೋಲ್‌ಪ್ಲೇ ಆಡಿದ್ದು ಚಿಂತಾಮಣಿಯ ಒಂದು ಮನೆಯ ಮಹಡಿ ಕೋಣೆಯಲ್ಲಿ. ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ಬಾಯಿಮಾತಲ್ಲೇ ಕಥೆ ಮುಂದುವರಿಸುವ ಆಟ ಅದು. ಆಟ ನಡೆಸುವ ಕೆಲಸ ನನ್ನದು. ಮೂಡಲಪಾಯ ಬಯಲಾಟದಲ್ಲಿ ಭಾಗವತರು ಇರುತ್ತಾರಲ್ಲ, ಹಾಗೆ. ಕಥೆ ಎತ್ತಿಕೊಡಬೇಕು, ಪಾತ್ರಧಾರಿಗಳು ಏನು ಮಾಡಿದರೂ ಅದಕ್ಕೆ ತಕ್ಕಂತೆ ಮುಂದಕ್ಕೆ ಎಳೆದುಕೊಂಡು ಹೋಗಬೇಕು. ನಾನು ಕೆಜಿಎಫ್ ಚಿನ್ನದ ಗಣಿ ಆರಿಸಿದ್ದೆ. ಪಾತಾಳದಷ್ಟು ಆಳ, ಒಂದೇ ಬಾಗಿಲು, ಹೊರಗೆ ಸಾವಿರಾರು ಜಾಂಬಿಗಳು. ಕೇಳೋಕೆ ಭರ್ಜರಿಯಾಗಿದೆ ಅಲ್ವಾ? ಮೂರು ವಾರ ಆಡಿದೆವು. ಮೂರು ವಾರವೂ ನಾಲ್ಕು ಜನ ಬಾಗಿಲು ಕಾದರು. ಅಷ್ಟೇ. ನಾಲ್ಕನೇ ವಾರ ಒಬ್ಬ ಬರಲೇ ಇಲ್ಲ. "ಅಣ್ಣಾ, ವಾಚ್‌ಮನ್ ಕೆಲಸಕ್ಕೆ ಸಂಬಳ ಎಷ್ಟು ಕೊಡ್ತೀಯಾ?" ಅಂತ ಮೆಸೇಜ್ ಹಾಕಿದ.

ಅವನು ಹೇಳಿದ್ದು ಸರಿಯೇ. ನಾನು ಕಟ್ಟಿದ ಲೋಕದಲ್ಲಿ ಬಾಗಿಲು ಕಾಯುವುದನ್ನು ಬಿಟ್ಟರೆ ಬುದ್ಧಿವಂತರು ಮಾಡುವಂಥ ಬೇರೆ ಕೆಲಸವೇ ಇರಲಿಲ್ಲ. ಆಮೇಲಿಂದ ಏನೇ ಆರಿಸುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಇಟ್ಟರೆ ಆಟಗಾರರು ತಮ್ಮ ತಮ್ಮಲ್ಲೇ ಎಂಥ ಜಗಳ ಆಡುತ್ತಾರೆ? ಜಾಂಬಿ ಜೊತೆಗಿನ ಹೊಡೆದಾಟ ಹೇಗೂ ಇದ್ದೇ ಇದೆ. ಮೇಜಿನ ಸುತ್ತ ಕೂತವರಲ್ಲಿ ಇಬ್ಬರು ಈ ಕಡೆ, ಇಬ್ಬರು ಆ ಕಡೆ ಆಗಬೇಕು, ಎರಡು ಕಡೆಯವರ ಮಾತೂ ಸರಿ ಅನ್ನಿಸಬೇಕು. ಹಾಗಾದರೆ ಆ ಆಯ್ಕೆ ಪಾಸು. ಕೆಳಗಿನದನ್ನೆಲ್ಲ ಇದೇ ತಕ್ಕಡಿಯಲ್ಲಿ ತೂಗಿದ್ದೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಬಿಟ್ಟು ಆಚೆ ಹೋಗಿಲ್ಲ. ಗೊತ್ತಿರುವ ಊರಲ್ಲಿ ಸಾಯೋದರಲ್ಲೇ ಮಜಾ.

ಇಸವಿ: 2045, 2075, ಇಲ್ಲಾ 2150

2045 ಅಂದರೆ ಹೆಚ್ಚುಕಡಿಮೆ ಈಗಿನ ಲೋಕವೇ. ಯಾರಿಗೂ ಏನೂ ವಿವರಿಸಬೇಕಿಲ್ಲ, ಅದೇ ಅದರ ಲಾಭ. ಆದರೆ ಭವಿಷ್ಯದ ರುಚಿ ಸಿಗುವುದಿಲ್ಲ. ಎಲ್ಲರೂ ಮೊದಲ ಅರ್ಧ ಗಂಟೆಯಲ್ಲೇ ಪೆಟ್ರೋಲ್ ಬಂಕ್ ಕಡೆ ಓಡುತ್ತಾರೆ. (ಶೇಖರಿಸಿಟ್ಟ ಪೆಟ್ರೋಲು ಕೆಲವು ತಿಂಗಳಲ್ಲಿ ಕೆಡುತ್ತದೆ, ಡೀಸೆಲ್ ಇನ್ನು ಸ್ವಲ್ಪ ದಿನ ತಾಳುತ್ತದೆ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹತ್ತು ವರ್ಷ ಹಳೆಯ ಲಾರಿಗೆ ಕೀಲಿ ತಿರುಗಿಸಿ ಬೆಂಗಳೂರಿಗೆ ಹೊರಟುಬಿಡುತ್ತಾರೆ.)

2150 ಇಟ್ಟರೆ ಏನು ಬೇಕಾದರೂ ಹಾಕಬಹುದು. ಹಾರುವ ಊರು, ಮಾತಾಡುವ ಕೆರೆ, ನಿಮ್ಮಿಷ್ಟ. ಆದರೆ ಅಷ್ಟು ಹೊತ್ತಿಗೆ ಕೋಲಾರ ಅನ್ನೋದು ಬರೀ ಹೆಸರು. ಆ ಹೆಸರು ತೆಗೆದು ಬೇರೆ ಯಾವ ಊರು ಹಾಕಿದರೂ ನಡೆಯುತ್ತದೆ. ಹಾಗಿದ್ದಾಗ ನಮ್ಮೂರು ಯಾಕೆ ಬೇಕು?

ನನ್ನ ಓಟು 2075ಕ್ಕೆ. ಅನಾಹುತ ಆಗಿದ್ದು 2064ರಲ್ಲಿ, ಆಟ ಶುರುವಾಗುವುದು ಹನ್ನೊಂದು ವರ್ಷ ಆದಮೇಲೆ. ಕಾರಣ ಏನಂದರೆ, ಈಗ ಕಾಲೇಜಿಗೆ ಹೋಗುತ್ತಿರುವ ಹುಡುಗಿ ಆಗ ಎಪ್ಪತ್ತರ ಅಜ್ಜಿ. ಅವಳಿಗೆ ಈಗಿನದೆಲ್ಲ ನೆನಪಿರುತ್ತದೆ. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು ಅಂತ ಅವಳು ಹೇಳಿದರೆ, ರೂಪಾಯಿಯನ್ನೇ ನೋಡದ ಮೊಮ್ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಾರೆ. ಆಟದಲ್ಲಿ ಇಂಥ ಒಂದು ಅಜ್ಜಿ ಪಾತ್ರ ಇರಲೇಬೇಕು. ಹಳೇ ಲೋಕದ ಬಗ್ಗೆ ಅವಳು ಹೇಳೋದರಲ್ಲಿ ಅರ್ಧ ನಿಜ, ಅರ್ಧ ಮರೆವು. ಅವಳನ್ನು ನಂಬಿ ದಾರಿ ಹಿಡಿಯಬೇಕೋ ಬೇಡವೋ ಅನ್ನೋದೇ ಒಂದು ದಿನದ ಆಟ ಆಗುತ್ತದೆ.

ತಂತ್ರಜ್ಞಾನ ಎಷ್ಟು ಉಳಿದಿರುತ್ತದೆ ಅಂತ ಲೆಕ್ಕ ಹಾಕುವಾಗ ಸುಮ್ನೆ ಊಹೆ ಮಾಡಬೇಡಿ. ಪಾವಗಡದ ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆಯಲ್ಲ, 2,050 ಮೆಗಾವಾಟ್, ಅದು ಪೂರ್ತಿಯಾಗಿದ್ದು 2019ರಲ್ಲಿ. ಫಲಕಗಳ ಶಕ್ತಿ ವರ್ಷಕ್ಕೆ ಸುಮಾರು ಅರ್ಧ ಪರ್ಸೆಂಟ್ ಇಳಿಯುತ್ತದೆ ಅಂತ ಇಟ್ಟುಕೊಂಡರೆ, 2075ರಲ್ಲಿ ಒಡೆಯದೆ ಉಳಿದ ಫಲಕ ಕಾಗದದ ಲೆಕ್ಕದಲ್ಲಿ ಇನ್ನೂ ಮುಕ್ಕಾಲು ಪಾಲು ಕರೆಂಟ್ ಕೊಡಬೇಕು. ಸಾಯುವುದು ಇನ್ವರ್ಟರ್, ಅಂದರೆ ಫಲಕದ ಕರೆಂಟನ್ನು ನಾವು ಬಳಸುವ ಕರೆಂಟಾಗಿ ಬದಲಾಯಿಸುವ ಯಂತ್ರ. ಅದರ ಆಯಸ್ಸು ಹತ್ತು ಹದಿನೈದು ವರ್ಷ. ಹಾಗಾಗಿ 2075ರಲ್ಲಿ ಬಂದೂಕು ಇರುವವನಿಗಿಂತ ಇನ್ವರ್ಟರ್ ರಿಪೇರಿ ಬಲ್ಲವಳಿಗೆ ಬೆಲೆ ಜಾಸ್ತಿ. ನಮ್ಮ ಎರಡನೇ ಆಟದಲ್ಲಿ ಎರಡು ಗುಂಪುಗಳು ಒಬ್ಬ ರಿಪೇರಿ ಅಕ್ಕನಿಗಾಗಿ ಯುದ್ಧ ಮಾಡಿದವು. ಅಕ್ಕ ಮಾತ್ರ ಯಾರ ಕಡೆಯೂ ಇರಲಿಲ್ಲ.

ರೋಗ: ಹಾಲುತೊಂಡೆ, ಸುಣ್ಣಕಟ್ಟು, ಊಜಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಹೆಚ್ಚಿನವರು ಹೊರಗಿನ ಸಿನಿಮಾದ ಜಾಂಬಿಯನ್ನೇ ತಂದು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಬಿಡುತ್ತಾರೆ. ಕಚ್ಚಿದ, ಹತ್ತು ನಿಮಿಷದಲ್ಲಿ ಇವನೂ ಜಾಂಬಿ, ತಲೆಗೆ ಹೊಡಿ, ಮುಗೀತು. ಹತ್ತು ನಿಮಿಷದಲ್ಲಿ ಯಾರೂ ಜಗಳ ಆಡೋಕೆ ಆಗಲ್ಲ. ನಾಯಿ ಕಚ್ಚಿ ಬರುವ ರೇಬಿಸ್ ನೋಡಿ, ಲಕ್ಷಣ ಕಾಣಿಸೋಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಒಂದು ಸಲ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬಹುದು. ಭಯ ಇರೋದು ಆ ಮಧ್ಯದ ದಿನಗಳಲ್ಲಿ. ನೀವು ಯಾವ ರೋಗ ಆರಿಸಿದರೂ, ಅಂಟಿದ ದಿನಕ್ಕೂ ಕೆಟ್ಟ ದಿನಕ್ಕೂ ನಡುವೆ ಒಂದು ಆಟದ ದಿನಕ್ಕಿಂತ ಜಾಸ್ತಿ ಅಂತರ ಇಡಿ. ಆಟಗಾರ ಮನೆಗೆ ಹೋಗಿ ಒಂದು ವಾರ ಯೋಚನೆ ಮಾಡಲಿ.

ನಾನು ಶಿಡ್ಲಘಟ್ಟದ ಕಡೆಯವನು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ದೆವ್ವಕ್ಕಿಂತ ಹೆದರಿಕೆ ಆಗುತ್ತಿದ್ದದ್ದು ಹುಳುವಿನ ರೋಗ ನೋಡಿ. ಜಾಂಬಿ ಹುಡುಕಿಕೊಂಡು ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಹುಳುಮನೆಯ ತಟ್ಟೆಯಲ್ಲೇ ಮೂರು ತರದ್ದು ಸಿಗುತ್ತದೆ.

ಮೊದಲನೆಯದು ಹಾಲುತೊಂಡೆ. ವೈರಸ್ ರೋಗ. ಹುಳುವಿನ ಮೈ ಊದಿಕೊಂಡು ಗೆಣ್ಣು ಗೆಣ್ಣಿನ ನಡುವೆ ಉಬ್ಬುತ್ತದೆ, ಚರ್ಮ ಬಿಗಿದು ಹೊಳೆಯುತ್ತದೆ. ಬೇರೆ ಹುಳುಗಳು ಜ್ವರಕ್ಕೆ ಕೂತು, ಅಂದರೆ ಪೊರೆ ಬಿಡೋ ಮುಂಚೆ ಅಲ್ಲಾಡದೆ ಮಲಗಿದ್ದಾಗ, ಇದು ಮಾತ್ರ ಮಲಗುವುದಿಲ್ಲ. ಸೊಪ್ಪು ಬಿಟ್ಟು ತಟ್ಟೆಯ ಅಂಚು ಹತ್ತಿ ಸುಮ್ನೆ ಸುತ್ತುತ್ತಲೇ ಇರುತ್ತದೆ. ಮುಟ್ಟಿದರೆ ಚರ್ಮ ಹರಿದು ಹಾಲಿನಂಥ ನೀರು ಸುರಿಯುತ್ತದೆ. ಆ ಹಾಲು ಬಿದ್ದ ಸೊಪ್ಪು ತಿಂದ ಹುಳುವಿಗೂ ಅದೇ ಗತಿ. ಕಾಡಿನ ಕೆಲವು ಕಂಬಳಿಹುಳುಗಳಲ್ಲಿ ಇದೇ ಜಾತಿಯ ವೈರಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹುಳುವನ್ನು ಗಿಡದ ತುದಿಗೆ ಹತ್ತಿಸಿ, ಅಲ್ಲಿ ಸಾಯಿಸಿ, ಮೈ ಕರಗಿಸಿ, ಕೆಳಗಿನ ಎಲೆಗಳ ಮೇಲೆಲ್ಲ ತೊಟ್ಟಿಕ್ಕಿಸುತ್ತದೆ.

ಇದನ್ನು ಮನುಷ್ಯರಿಗೆ ತಂದರೆ ನಿಯಮ ತಾನಾಗೇ ಸಿಗುತ್ತದೆ. ಅಂಟುವುದು ನೀರಿನಿಂದ, ಊಟದಿಂದ. ಮೊದಲ ಲಕ್ಷಣ ನಿದ್ದೆ ಬರದಿರುವುದು. ಕೊನೆಯ ಲಕ್ಷಣ ಎತ್ತರಕ್ಕೆ ಹತ್ತುವುದು. ನಿದ್ದೆ ಬರದಿರುವುದನ್ನೇ ಲಕ್ಷಣ ಮಾಡಿದ್ದಕ್ಕೆ ನಮ್ಮ ಗುಂಪಲ್ಲಿ ಎಂಥ ರಂಪ ಆಯಿತು ಅಂದರೆ, ರಾತ್ರಿ ಪಾಳಿ ಕಾಯಲು ಯಾರೂ ಒಪ್ಪುತ್ತಿರಲಿಲ್ಲ. ಎಚ್ಚರ ಇದ್ದವನೇ ರೋಗಿ ಅಂತ ಅನುಮಾನ. ಹಾಗಂತ ಎಲ್ಲರೂ ಮಲಗಿದರೆ ಬೆಳಗಾಗುವುದಿಲ್ಲ. ಬಾಣಂತಿ ಪಾತ್ರ ಮಾಡಿದ ಹುಡುಗಿ ಎರಡು ದಿನದಿಂದ ಮಗುವಿಗಾಗಿ ಎದ್ದಿದ್ದಳು, ಅವಳನ್ನು ಹೊರಗೆ ಹಾಕಬೇಕೋ ಬೇಡವೋ ಅಂತ ಒಂದೂವರೆ ಗಂಟೆ ವಾದ ನಡೆಯಿತು. ಆ ಹೊತ್ತಿನಲ್ಲಿ ಒಂದು ಜಾಂಬಿಯೂ ಬಂದಿರಲಿಲ್ಲ. ಇದಕ್ಕಿಂತ ಒಳ್ಳೆ ರೋಗ ನನಗೆ ಸಿಕ್ಕಿಲ್ಲ.

ಎರಡನೆಯದು ಸುಣ್ಣಕಟ್ಟು. ಇದು ಬೂಷ್ಟು. ಸತ್ತ ಹುಳು ಗಟ್ಟಿಯಾಗಿ, ಮೈ ತುಂಬ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಏಳುತ್ತದೆ. ಪುಡಿ ಗಾಳಿಯಲ್ಲಿ ಹರಡುತ್ತದೆ. ಮಳೆಗಾಲ, ಚಳಿಗಾಲದಲ್ಲಿ ಕಾಟ, ಒಣ ಬಿಸಿಲಲ್ಲಿ ಕಡಿಮೆ. ಇದೇ ಬೂಷ್ಟನ್ನು ಬೆಳೆಯ ಕೀಟ ಕೊಲ್ಲಲು ಔಷಧಿಯಾಗಿಯೂ ಮಾರುತ್ತಾರೆ. ಅಲ್ಲಿಗೆ ನಿಮ್ಮ ಆಟದ ರೋಗ ಹುಟ್ಟಿದ ಕಥೆ ಸಿಕ್ಕಿತು. ಮಾಮೂಲಿ ಬೂಷ್ಟುಗಳಿಗೆ ಮನುಷ್ಯನ ಮೈಯ 37 ಡಿಗ್ರಿ ಬಿಸಿಯಲ್ಲಿ ಬೆಳೆಯುವುದು ಕಷ್ಟ, ನಮ್ಮನ್ನು ಉಳಿಸಿರುವುದರಲ್ಲಿ ಅದೂ ಒಂದು. ಬಿಸಿ ತಡೆಯುವ ತಳಿ ಬೇಕು ಅಂತ 2060ರಲ್ಲಿ ಯಾರೋ ಬೆಳೆಸಿದರು, ಅದು 37 ದಾಟಿತು, ಅಷ್ಟು ಸಾಕು.

ಇದರ ನಿಜವಾದ ಚಂದ ಇರುವುದು ಪಂಚಾಂಗದಲ್ಲಿ. ಮಾರ್ಚಿಂದ ಮೇವರೆಗೆ ಜಾಂಬಿ ಕಾಟ ಇಲ್ಲ, ಆದರೆ ಕುಡಿಯೋಕೆ ನೀರಿಲ್ಲ. ಮಳೆ ಬಂತು ಅಂದರೆ ನೀರು ಬಂತು, ಜೊತೆಗೆ ಪುಡಿಯೂ ಎದ್ದಿತು. ನಮ್ಮ ಕಡೆಯವರಿಗೆ ಮಳೆ ಬೇಡ ಅನ್ನಿಸುವಂಥ ಕಥೆ ಹೇಳೋದಿದೆಯಲ್ಲ, ಅದಕ್ಕಿಂತ ಕ್ರೂರವಾದದ್ದು ಇಲ್ಲ. ಮೋಡ ಕಟ್ಟಿದ ದಿನ ಕೆರೆ ತೂಬು ಮುಚ್ಚೋಕೆ ಹೊರಗೆ ಹೋಗುವವರು ಯಾರು? ತಿಂಗಳುಗಟ್ಟಲೆ ನಡೆಯುವ ಆಟಕ್ಕೆ ಸುಣ್ಣಕಟ್ಟು ಚೆನ್ನಾಗಿ ಒಗ್ಗುತ್ತದೆ. ಒಂದೇ ದಿನದ ಆಟಕ್ಕೆ ಬೇಡ, ಋತು ತಿರುಗುವುದು ಕಾಣುವುದೇ ಇಲ್ಲ.

ಮೂರನೆಯದು ಊಜಿ. ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕು ತಿನ್ನುತ್ತದೆ, ಹೊಕ್ಕ ಜಾಗದಲ್ಲಿ ಕಪ್ಪು ಕಲೆ. ಅದಕ್ಕೇ ಹುಳುಮನೆ ಕಿಟಕಿಗೆಲ್ಲ ನೈಲಾನ್ ಬಲೆ ಕಟ್ಟುವುದು. ಭವಿಷ್ಯದ ಆಟದಲ್ಲಿ ಇದನ್ನು ನೊಣದಷ್ಟು ಸಣ್ಣ ಡ್ರೋನ್ ಮಾಡಬಹುದು. ಕುತ್ತಿಗೆಗೆ ಕೂತು ಚಿಪ್ ಇಳಿಸುತ್ತದೆ, ಮನುಷ್ಯ ಬೇರೆಯವರ ಕೈಗೊಂಬೆ. ಮೂರರಲ್ಲಿ ಭವಿಷ್ಯದ ವಾಸನೆ ಜಾಸ್ತಿ ಇರುವುದು ಇದಕ್ಕೇ, ಊರಿಗೆಲ್ಲ ಬಲೆ ಹೊದಿಸಿದ ಚಿತ್ರವೂ ಕಣ್ಣಿಗೆ ಕಟ್ಟುತ್ತದೆ. ಆದರೂ ನಾನು ಕೊನೆಯ ಜಾಗ ಕೊಡುತ್ತೇನೆ. ಮೆಷಿನ್ ಅಂದ ತಕ್ಷಣ ಆಟಗಾರರು ಮೈನ್ ಸ್ವಿಚ್ ಎಲ್ಲಿದೆ ಅಂತ ಹುಡುಕಲು ಹೊರಡುತ್ತಾರೆ. ಎಲ್ಲರೂ ಒಂದೇ ದಿಕ್ಕಿಗೆ ನಡೆದರೆ ಜಗಳ ಎಲ್ಲಿಂದ ಬರಬೇಕು?

ನೀರು: ಪಂಪು ನಿಂತಿದೆಯೋ, ಓಡುತ್ತಿದೆಯೋ

ಬೇರೆ ಕಡೆಯ ಜಾಂಬಿ ಕಥೆಯಲ್ಲಿ ಜನ ಆಯುಧ ಹುಡುಕುತ್ತಾರೆ. ಕೋಲಾರದಲ್ಲಿ ಯಾರಾದರೂ ಮೊದಲು ಹುಡುಕುವುದು ನೀರು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿ ಎಷ್ಟೋ ಕಾಲ ಆಯಿತು. ಕರೆಂಟ್ ಹೋದ ದಿನ ಸಾವಿರ ಅಡಿ ಕೆಳಗಿನ ನೀರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಗ್ಗ ಬಿಂದಿಗೆ ಅಲ್ಲಿಗೆ ಮುಟ್ಟಲ್ಲ.

ಈಗ ಕೆಸಿ ವ್ಯಾಲಿ ಯೋಜನೆ ನೆನಪಿಸಿಕೊಳ್ಳಿ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ, ಪಂಪ್ ಮಾಡಿ, ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ತುಂಬಿಸುವುದು. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಯೋಜನೆ ಇದ್ದದ್ದು ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಚಿಕ್ಕಬಳ್ಳಾಪುರದ ಕಡೆಗೆ ಎಚ್‌ಎನ್ ವ್ಯಾಲಿ ಅಂತ, ಅಂದರೆ ಹೆಬ್ಬಾಳ-ನಾಗವಾರ ಕಣಿವೆಯದು, ಇದರ ತಮ್ಮ ಇದ್ದಾನೆ. ಇದು ಕುಡಿಯೋ ನೀರಲ್ಲ, ಅಂತರ್ಜಲ ಮೇಲೇಳಲಿ ಅಂತ. ಮೂರನೇ ಹಂತದ ಶುದ್ಧೀಕರಣವೂ ಬೇಕು ಅನ್ನೋ ಕೂಗು ಇಲ್ಲಿ ಎಷ್ಟು ಜೋರಾಗಿತ್ತು ಅಂತ ಕೋಲಾರದವರಿಗೆ ಹೇಳಬೇಕಿಲ್ಲ.

ಲೋಕ ಕಟ್ಟುವಾಗ ಎರಡು ದಾರಿ. ಒಂದು, ಬೆಂಗಳೂರು ಸತ್ತಿತು, ಪಂಪು ನಿಂತಿತು, ಕೆರೆಗಳು ಮತ್ತೆ ಒಣಗಿದವು. ಇದು ತರ್ಕಕ್ಕೆ ಸರಿ, ಆದರೆ ಬರೀ ಬರ. ಆಟಗಾರರು ಗುಳೆ ಹೋಗುತ್ತಾರೆ, ಅಷ್ಟೇ. ಇನ್ನೊಂದು, ಬೆಂಗಳೂರಿನಿಂದ ಹನ್ನೊಂದು ವರ್ಷದಿಂದ ಒಂದು ಸದ್ದೂ ಇಲ್ಲ, ಒಬ್ಬ ಮನುಷ್ಯನೂ ಬಂದಿಲ್ಲ, ಆದರೆ ದಿನಾ ಬೆಳಗ್ಗೆ ಪೈಪಿನಲ್ಲಿ ನೀರು ಬರುತ್ತಿದೆ. ಯಾರು ಓಡಿಸುತ್ತಿದ್ದಾರೆ? ಯಾಕೆ? ಅದರಲ್ಲಿ ಏನಿದೆ? ನಾನು ಎರಡನೆಯದನ್ನು ಹಾಕಿದ ದಿನ ಮೇಜಿನ ಮೇಲೆ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಹಾಲುತೊಂಡೆ ಇಟ್ಟುಕೊಂಡಿದ್ದರೆ ಇದಕ್ಕೆ ಎರಡು ಪಟ್ಟು ಬಲ. ಪೈಪು ಒಡೆದು ಹಾಕಿ ಅನ್ನುವವರು ಒಂದು ಕಡೆ, ಒಡೆದರೆ ಬೇಸಿಗೆಗೆ ನಮ್ಮ ರಾಗಿ ಹೋಗುತ್ತೆ ಅನ್ನುವವರು ಇನ್ನೊಂದು ಕಡೆ.

ದೂರದ ಲೆಕ್ಕವೂ ಕೈಯಲ್ಲಿರಲಿ. ಬೆಂಗಳೂರಿನಿಂದ ಕೋಲಾರ, ತುಮಕೂರು ಎರಡೂ ಹತ್ತಿರ ಹತ್ತಿರ 70 ಕಿಲೋಮೀಟರ್. ಜಾಂಬಿ ಗಂಟೆಗೆ ಎರಡು ಕಿಲೋಮೀಟರ್ ನಡೆದರೂ, ನಿಲ್ಲದೆ ನಡೆದರೆ, ಒಂದೂವರೆ ದಿನ. ಅನಾಹುತದ ಮೊದಲ ವಾರದಲ್ಲಿ ಈ ಜಿಲ್ಲೆಗಳು ಹೇಗೆ ಉಳಿದವು ಅನ್ನೋದಕ್ಕೆ ಉತ್ತರ ಇಟ್ಟುಕೊಳ್ಳಿ, ಯಾರಾದರೂ ಕೇಳೇ ಕೇಳುತ್ತಾರೆ.

ಊರು: ಗಣಿ, ಬಯಲು, ಬೆಟ್ಟ

ಕೆಜಿಎಫ್‌ನಿಂದಲೇ ಶುರು ಮಾಡುತ್ತೇನೆ, ಸಾಲ ತೀರಿಸಬೇಕು. ಅಲ್ಲಿನ ಊರಿಗಾಂ ಕಡೆ ಬೆಳೆದ ಒಬ್ಬ ಗೆಳೆಯನಿಗೆ ನನ್ನ ಮೊದಲ ಆಟದ ಕಥೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಒಂದೇ ಬಾಗಿಲಾ? ಎಷ್ಟು ಶಾಫ್ಟ್ ಇದೆ ಗೊತ್ತಾ ನಿನಗೆ?" ಅಂದ. ಶಾಫ್ಟ್ ಅಂದರೆ ಗಣಿಗೆ ಇಳಿಯುವ ಬಾವಿ. ಒಂದು ಗಣಿಯಿಂದ ಇನ್ನೊಂದಕ್ಕೆ ಒಳಗೊಳಗೇ ದಾರಿ. ಚಾಂಪಿಯನ್ ರೀಫ್ ಅನ್ನೋ ಗಣಿ ಮೂರು ಕಿಲೋಮೀಟರಿಗಿಂತ ಆಳ, ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು, ತಂಪು ಗಾಳಿ ಕಳಿಸದೆ ಕೆಲಸ ಮಾಡೋಕೆ ಆಗುತ್ತಿರಲಿಲ್ಲ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ಪಂಪು ನಿಂತ ಮೇಲೆ ಒಳಗೆ ನೀರು ತುಂಬಿತು. ಅಂದರೆ ಇದು ಅವಿತುಕೊಳ್ಳುವ ಕೋಟೆಯಾಗುವುದು ಕಷ್ಟ. ಎಲ್ಲಿಂದ ಏನು ಮೇಲೆ ಬರುತ್ತದೋ ಗೊತ್ತಾಗದ ಜರಡಿ ಅದು. ಹಾಗೆ ನೋಡಿದರೆ ಆಟ ಸಲೀಸು. ಸುಣ್ಣಕಟ್ಟು ಜೊತೆ ಸೇರಿಸಿ: ಬೂಷ್ಟಿಗೆ ಅಷ್ಟು ಬಿಸಿ ಆಗಲ್ಲ, ಆಳಕ್ಕೆ ಹೋದಷ್ಟೂ ರೋಗ ಇಲ್ಲ, ಆದರೆ ಆಳದಲ್ಲಿ ಮನುಷ್ಯನೂ ಬದುಕಲ್ಲ. ಎಷ್ಟು ಆಳದಲ್ಲಿ ಊರು ಕಟ್ಟುತ್ತೀರಿ? ಮೇಲೆ ಸೈನೈಡ್ ಗುಡ್ಡಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳ, ದೂಳು ಬೇರೆ. ಗಾಳಿ ಎದ್ದ ದಿನ ಹಾರುವ ಬಿಳಿ ಪುಡಿ ಗುಡ್ಡದ್ದೋ, ಸುಣ್ಣಕಟ್ಟಿನದೋ, ಯಾರಿಗೂ ಗೊತ್ತಾಗಲ್ಲ.

ಅಂದಹಾಗೆ ಕೆಜಿಎಫ್‌ನ ಒಂದು ಗಣಿಯ ಹೆಸರು ನಂದಿದುರ್ಗ. ಚಿಕ್ಕಬಳ್ಳಾಪುರದ ಬೆಟ್ಟದ ಹೆಸರೂ ನಂದಿದುರ್ಗ. ವಯರ್‌ಲೆಸ್‌ನಲ್ಲಿ "ನಂದಿದುರ್ಗಕ್ಕೆ ಬನ್ನಿ, ಔಷಧಿ ಇದೆ" ಅಂತ ಒಂದು ಹರಕು ಸಂದೇಶ ಬರಲಿ ಸಾಕು. ಎರಡು ವಾರ ನೀವು ಏನೂ ತಯಾರಿ ಮಾಡಬೇಕಿಲ್ಲ.

ಪಾವಗಡದಲ್ಲಿ ಇರುವುದು ಕರೆಂಟು, ಇಲ್ಲದಿರುವುದು ಮರೆ. ಬಯಲು, ಸಾಲು ಸಾಲು ಫಲಕ, ಫಲಕದ ಕೆಳಗೆ ಸೊಂಟದ ಎತ್ತರದ ಕತ್ತಲು. ಬ್ಯಾಟರಿ ಇಲ್ಲದಿದ್ದರೆ ಸಂಜೆ ಆರಕ್ಕೆ ಎಲ್ಲ ಸತ್ತ ಹಾಗೆ. ದೂಳು ತೊಳೆಯದಿದ್ದರೆ ಕರೆಂಟ್ ಇಳಿಯುತ್ತದೆ, ತೊಳೆದರೆ ಕುಡಿಯೋ ನೀರು ಹೋಗುತ್ತದೆ, ಮೇಲಾಗಿ ಕೆಳಗಿನ ನೆಲ ಒದ್ದೆಯಾಗಿ ಬೂಷ್ಟಿಗೆ ಜಾಗ ಆಗುತ್ತದೆ. ಇಷ್ಟೇ ಸಾಕಿತ್ತು, ಆದರೆ ಇನ್ನೊಂದಿದೆ. ಅಲ್ಲಿನ ಜಮೀನನ್ನು ರೈತರು ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟದ್ದು. 2075ರಲ್ಲಿ ಹರಿದ ಪಹಣಿ ಹಿಡಿದುಕೊಂಡು ಒಬ್ಬ ಮೊಮ್ಮಗ ಬರುತ್ತಾನೆ, "ಇದು ನಮ್ಮ ತಾತಂದು" ಅಂತ. ಕಾನೂನು ಇಲ್ಲ, ಕೋರ್ಟಿಲ್ಲ, ಕಾಗದ ಇದೆ. ಹೊಸದಾಗಿ ಆಡುವವರಿಗೆ ನಾನು ಕೊಡುವುದು ಈ ಊರನ್ನೇ. ದೂರದಿಂದಲೇ ಅಪಾಯ ಕಾಣುತ್ತದೆ, ನಕ್ಷೆ ಸುಲಭ, ಜಗಳ ಮಾತ್ರ ಸುಲಭ ಅಲ್ಲ.

ಬೆಟ್ಟಗಳಿಗೆ ಬಂದರೆ, ಎಲ್ಲರ ಬಾಯಲ್ಲೂ ಮೊದಲು ಬರುವುದು ನಂದಿ. 1,478 ಮೀಟರ್ ಎತ್ತರ, ಸುತ್ತ ಪ್ರಪಾತ, ಮೇಲೆ ಅಮೃತ ಸರೋವರ. ಮಧುಗಿರಿ ಇನ್ನೂ ಗಟ್ಟಿ, ಇಡೀ ಬೆಟ್ಟವೇ ಒಂದು ಬಂಡೆ, ಮೇಲೆ ದೊಣೆಗಳಲ್ಲಿ ಮಳೆ ನೀರು. ಆದರೆ ಮಾಮೂಲಿ ಜಾಂಬಿ ಇಟ್ಟುಕೊಂಡರೆ ಎರಡೂ ನನ್ನ ಮೊದಲ ಆಟದ ಗಣಿಯಂತೆಯೇ. ಹತ್ತಿ ಕೂತರೆ ಕಥೆ ಮುಗಿಯಿತು. ಬೆಟ್ಟ ಬೇಕೇ ಬೇಕು ಅಂದರೆ ಹಾಲುತೊಂಡೆ ಇಡಿ. ಆ ರೋಗಿಗಳು ಕೊನೆಗೆ ಹತ್ತುವುದೇ ಎತ್ತರಕ್ಕೆ. ಮೂರು ಜಿಲ್ಲೆಯಲ್ಲಿ ಸಾಯಲು ಹೊರಟವರೆಲ್ಲ ನಂದಿಯ ಕಡೆ ಮುಖ ಮಾಡಿ ನಡೆಯುತ್ತಿದ್ದಾರೆ ಅಂದುಕೊಳ್ಳಿ. ಮೇಲೆ ಹೋಗಿ, ಒಡೆದು, ಕರಗುತ್ತಾರೆ. ಆ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಹೊಳೆಗಳನ್ನು ಎಣಿಸಿ: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ. ಒಂದು ಆಂಧ್ರಕ್ಕೆ, ಇನ್ನೆರಡು ತಮಿಳುನಾಡಿನ ಕಡೆಗೆ, ಮತ್ತೊಂದು ಕಾವೇರಿಗೆ. ಎಲ್ಲರಿಗಿಂತ ಸುರಕ್ಷಿತ ಅನ್ನಿಸಿದ ಜಾಗವೇ ಎಲ್ಲರಿಗೂ ವಿಷ ಹಂಚುವ ಜಾಗ. ಅನುಭವ ಇರುವ ಗುಂಪಿಗೆ ನನ್ನ ಮೊದಲ ಆಯ್ಕೆ ಇದು.

ಗೌರಿಬಿದನೂರನ್ನು ನೆಲೆ ಮಾಡಬೇಡಿ, ಪಯಣದ ಗುರಿ ಮಾಡಿ. ಅಲ್ಲಿ 1965ರಿಂದ ಭೂಕಂಪ ಅಳೆಯುವ ಉಪಕರಣಗಳ ಜಾಲ ಇದೆ, ದೂರದ ಅಣುಬಾಂಬ್ ಪರೀಕ್ಷೆಯ ನಡುಕವನ್ನೂ ಹಿಡಿಯುವಂಥದ್ದು. ಅದಕ್ಕೆ ಜೀವ ಕೊಟ್ಟರೆ ಲಕ್ಷ ಕಾಲುಗಳು ನಡೆಯುವ ಸದ್ದು ನೆಲದಲ್ಲೇ ಕೇಳಿಸಬಹುದು. ಇದು ನನ್ನ ಕಲ್ಪನೆ, ವಿಜ್ಞಾನಿಗಳು ಕ್ಷಮಿಸಲಿ. ಪಕ್ಕದಲ್ಲೇ ಆಕಾಶದ ಸದ್ದು ಕೇಳುವ ರೇಡಿಯೋ ಟೆಲಿಸ್ಕೋಪೂ ಇದೆ. ನೆಲಕ್ಕೊಂದು ಕಿವಿ, ಬಾನಿಗೊಂದು ಕಿವಿ, ಒಂದಕ್ಕೇ ಸಾಕಾಗುವಷ್ಟು ಕರೆಂಟ್.

ಯಾರ ಆಡಳಿತ

ಸೈನ್ಯದ ಸರ್ವಾಧಿಕಾರಿ ಬೇಡ, ಎಲ್ಲ ಕಡೆ ಅವನೇ ಇರುತ್ತಾನೆ. ನಮ್ಮ ಕಡೆ ಉಳಿಯೋದು ಮಂಡಿ. ಕೋಲಾರದ ಟೊಮೆಟೊ ಮಂಡಿ, ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ, ಹರಾಜು ಕೂಗುವವನು, ತೂಕದವನು, ಕಮಿಷನ್, ಚೀಟಿ. ಸರ್ಕಾರ ಬಿದ್ದರೂ ಮಂಡಿಯ ಚೀಟಿಗೆ ಬೆಲೆ ಇರುತ್ತದೆ. ಖಜಾನೆ ಬೇಕಾದರೆ ರಾಗಿ ತುಂಬಿದ ಹಗೇವು ಇಡಿ. ನೆಲದೊಳಗಿನ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಮುಚ್ಚಳ ತೆಗೆದ ತಕ್ಷಣ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಸಾಯುತ್ತಾರೆ ಅನ್ನೋದು ಹಳಬರಿಗೆ ಗೊತ್ತು, ಆಟಗಾರರಿಗೆ ಗೊತ್ತಿರಲ್ಲ. ಅಜ್ಜಿಗೆ ನೆನಪಾಗುತ್ತದೋ ಇಲ್ಲವೋ, ದಾಳ ಹಾಕಿ ತೀರ್ಮಾನಿಸಿ.

ಭಾಷೆಯನ್ನೂ ಬಿಡಬೇಡಿ. ಪಾವಗಡ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಚಿಂತಾಮಣಿ, ಶಿಡ್ಲಘಟ್ಟದ ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳ ಬೀದಿಯಲ್ಲಿ ಉರ್ದು, ಸಂತೆಯಲ್ಲಿ ಎಲ್ಲರಿಗೂ ಕನ್ನಡ. ವಯರ್‌ಲೆಸ್‌ನಲ್ಲಿ ಯಾವ ಭಾಷೆಯಲ್ಲಿ ಗುಟ್ಟು ಹೇಳುತ್ತೀರಿ ಅನ್ನೋದು ಇಲ್ಲಿ ನಿಜವಾದ ಪ್ರಶ್ನೆ.

ಎರಡು ಎಚ್ಚರಿಕೆ. ನಿಜವಾದ ಮಠ, ದೇವರು, ದರ್ಗಾ ಇವುಗಳನ್ನು ಜಾಂಬಿ ಗೂಡು ಮಾಡಬೇಡಿ, ಕಥೆಗೆ ಅದರಿಂದ ಏನೂ ಸಿಗಲ್ಲ, ಮನಸ್ಸು ಮಾತ್ರ ಕೆಡುತ್ತದೆ. ಇನ್ನೊಂದು, ಆಸ್ಪತ್ರೆ, ಆಕ್ಸಿಜನ್, ಸಾಲು ಹೆಣದಂಥ ದೃಶ್ಯ ಇಡುವ ಮುಂಚೆ ಗುಂಪಿನವರನ್ನು ಒಬ್ಬೊಬ್ಬರನ್ನಾಗಿ ಕೇಳಿ. ಕೋವಿಡ್‌ನಲ್ಲಿ ಮನೆಯವರನ್ನು ಕಳೆದುಕೊಂಡವರು ನಮ್ಮ ಮೇಜಿನಲ್ಲೂ ಒಬ್ಬರಿದ್ದರು. ನಾನು ಕೇಳದೆ ಆಡಿಸಿದೆ. ಅವರು ಏನೂ ಹೇಳಲಿಲ್ಲ, ನೀರು ಕುಡಿದು ಬರುತ್ತೇನೆ ಅಂತ ಎದ್ದು ಹೋದರು.

ಮೇಜೋ, ಮೊಬೈಲೋ

ಎದುರುಬದುರು ಕೂತು ಆಡಿದರೆ ಜಗಳ ಬಿಸಿ ಬಿಸಿ ಸಿಗುತ್ತದೆ, ಆದರೆ ಐದು ಜನಕ್ಕೂ ಒಂದೇ ದಿನ ಬಿಡುವು ಸಿಗೋದು ದೇವರಾಣೆಗೂ ಕಷ್ಟ. ಮೆಸೇಜ್ ಗುಂಪಿನಲ್ಲಿ ಬರೆದು ಆಡಿದರೆ ನಿಧಾನ. ಆದರೆ ಗುಟ್ಟು ಇಟ್ಟುಕೊಳ್ಳೋಕೆ ಅದೇ ಒಳ್ಳೆಯದು, ನಿದ್ದೆ ಬರದವನಿಗೆ ಮಾತ್ರ ನೀವು ಬೇರೆಯಾಗಿ ಮೆಸೇಜ್ ಕಳಿಸಬಹುದು. ಹಾಲುತೊಂಡೆಗೆ ಮೊಬೈಲು, ಪಾವಗಡದ ಪಹಣಿ ಜಗಳಕ್ಕೆ ಮೇಜು. ಸುಣ್ಣಕಟ್ಟಿಗೆ ಯಾವುದಾದರೂ ಸರಿ.

ನಾವು ಈಗ ಆಡುತ್ತಿರುವುದು ಹಾಲುತೊಂಡೆ, 2075, ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ನಂದಿಯ ಕಡೆಗೆ. ಪಂಪು ಇನ್ನೂ ಓಡುತ್ತಿದೆ. ಅದನ್ನು ಓಡಿಸುತ್ತಿರುವುದು ಯಾರು ಅಂತ ಒಂದು ಚೀಟಿಯಲ್ಲಿ ಬರೆದು, ಮಡಿಸಿ, ಆಟ ಶುರುವಾದ ದಿನವೇ ಮನೆಯ ರಾಗಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಮೂರು ಜನ ಊಹೆ ಮಾಡಿದರು, ಮೂವರದೂ ತಪ್ಪು. ನಾಲ್ಕನೆಯವನು, ಅದೇ ವಾಚ್‌ಮನ್ ಸಂಬಳ ಕೇಳಿದವನು, ಇನ್ನೂ ಬಾಯಿ ಬಿಟ್ಟಿಲ್ಲ. ಕಳೆದ ವಾರ ನಮ್ಮಮ್ಮ ಹಿಟ್ಟು ಮಾಡಿಸೋಕೆ ಡಬ್ಬಿ ಖಾಲಿ ಮಾಡಿದರು. ಚೀಟಿ ಓದಿ, "ಇದೇನೋ, ಪಾಪ ಅವರು ಅಲ್ಲೇ ಇದ್ದಾರಾ?" ಅಂತ ಕೇಳಿದರು.